ಕಾಲಡಿಯ ಗುಳ್ಳೆ: ಬ್ರೇಕ್ ಪೆಡಲ್ ಮೆತ್ತಗಾದರೆ ಎಲ್ಲಿ ಹುಡುಕಬೇಕು?

ಇವತ್ತು ಜೀವಕೋಶ, ಡಿಎನ್‌ಎ, ಬ್ಯಾಕ್ಟೀರಿಯಾ ಎಲ್ಲ ಬದಿಗಿಟ್ಟು ಗ್ಯಾರೇಜಿಗೆ ಹೋಗೋಣ. ಜೀವವಿಜ್ಞಾನ ಓದಿದವರಿಗೆ ಗ್ಯಾರೇಜಿನಲ್ಲಿ ಏನು ಕೆಲಸ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳಿ. ಜೇಡದ ಕಾಲು, ಗುಲಾಬಿಯ ಕಾಂಡ, ನಮ್ಮ ಹೃದಯ, ಮೂರೂ ಈ ಕಥೆಯೊಳಗೆ ಬರುತ್ತವೆ.

ಇಲ್ಲಿ ನೆದರ್‌ಲ್ಯಾಂಡ್ಸ್‌ನ ಬ್ರಬಾಂಟ್ ಪ್ರಾಂತ್ಯದಲ್ಲಿರುವ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಹತ್ತಿರ ಒಂದು ಹಳೇ ಪುಟ್ಟ ಟ್ರಕ್ ಇದೆ. ಡಚ್ಚರು ಇದನ್ನು ಬಾಕ್‌ವಾಖನ್ ಅಂತಾರೆ, ಅಂದರೆ ಹಿಂದೆ ಪೆಟ್ಟಿಗೆ ಇರುವ ಗಾಡಿ. ಒಟ್ಟು ತೂಕ 3,500 ಕಿಲೋ ಮೀರದಿದ್ದರೆ ಮಾಮೂಲಿ ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು. ವಾರಾಂತ್ಯದಲ್ಲಿ ನಮ್ಮವರ ಮನೆ ಸಾಮಾನು ಸಾಗಿಸುವುದಕ್ಕೆ ಅವರು ಅದನ್ನು ಬಳಸುತ್ತಾರೆ. ಮುಂದಿನ ಎರಡೂ ಚಕ್ರಗಳ ಕ್ಯಾಲಿಪರ್, ಪ್ಯಾಡ್, ರಬ್ಬರ್ ಹೋಸ್, ಎಲ್ಲ ಹೊಸದು ಹಾಕಿದ್ದಾರೆ. ಹಾಕಿದ ಮೇಲೆ ಪೆಡಲ್ ಹತ್ತಿ ಮೂಟೆ ತುಳಿದ ಹಾಗೆ ಮೆತ್ತಗೆ ಹೋಗುತ್ತಿದೆಯಂತೆ. ಮೂರು ಸಲ ಏರ್ ತೆಗೆದಾಯಿತು, ಒಂದು ಲೀಟರ್ ಬ್ರೇಕ್ ಆಯಿಲ್ ಖಾಲಿಯಾಯಿತು, ಆದರೂ ಹಾಗೇ ಇದೆ. ಕೊನೆಗೆ ಅವರು ಕೇಳಿದ್ದು: "ಎರಡು ಸಲ ಪಂಪ್ ಮಾಡಿದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತೆ. ಹೀಗೇ ಓಡಿಸಬಹುದಾ?"

ಉತ್ತರ ಮೊದಲು ಹೇಳಿಬಿಡ್ತೀನಿ: ಓಡಿಸಬಾರದು. ಮನೆ ಗೇಟಿನಿಂದ ಆಚೆಗೂ ತೆಗೆಯಬಾರದು. ಯಾಕೆ ಅನ್ನುವುದೇ ಇವತ್ತಿನ ಸಂಚಿಕೆ.

ನೀರಿನ ತೂಕ ಬರೆದವನು

ಪೆಡಲ್ ಒತ್ತಿದಾಗ ಕಾಲಿನ ಬಲ ಚಕ್ರದವರೆಗೆ ಹೋಗುವುದು ಹೇಗೆ? ಸರಪಳಿಯಲ್ಲ, ಕಂಬಿಯಲ್ಲ, ದ್ರವ. ಈ ವಿಚಾರದ ಒಂದು ಬೇರು ಇದೇ ನೆಲದಲ್ಲಿದೆ. 1548ರಲ್ಲಿ ಬ್ರೂಖೆ ಊರಿನಲ್ಲಿ ಹುಟ್ಟಿ, ಮುಂದೆ ಉತ್ತರಕ್ಕೆ ಬಂದು ನೆಲೆಸಿದ ಸೀಮೊನ್ ಸ್ಟೇವಿನ್ 1586ರಲ್ಲಿ ಲೈಡನ್ ನಗರದಲ್ಲಿ ನೀರಿನ ತೂಕದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಪಾತ್ರೆಯ ತಳದ ಮೇಲೆ ನೀರು ಹಾಕುವ ಬಲ ಪಾತ್ರೆಯ ಆಕಾರವನ್ನು ಅವಲಂಬಿಸಿಲ್ಲ, ನೀರಿನ ಎತ್ತರ ಮತ್ತು ತಳದ ವಿಸ್ತಾರವನ್ನು ಮಾತ್ರ ಅವಲಂಬಿಸಿದೆ ಎಂದು ಅದರಲ್ಲಿ ತೋರಿಸಿದ. ಸಪೂರ ಕೊಳವೆಯಲ್ಲಿರುವ ಒಂದು ತಂಬಿಗೆ ನೀರು ಅಗಲವಾದ ತಳದ ಮೇಲೆ ದೊಡ್ಡ ಬಲ ಹಾಕಬಲ್ಲದು. ಒಡ್ಡು, ತೂಬುಗಳನ್ನು ನಂಬಿ ಬದುಕುವ ದೇಶದಲ್ಲಿ ಇದು ಜೀವನ್ಮರಣದ ವಿಚಾರ.

ಇನ್ನೊಂದು ಮಾತು. ವಿದ್ವಾಂಸರೆಲ್ಲ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಸ್ಟೇವಿನ್ ಆ ಪುಸ್ತಕ ಬರೆದದ್ದು ಜನರ ಭಾಷೆಯಲ್ಲಿ, ಡಚ್ಚಿನಲ್ಲಿ. ಇವತ್ತಿಗೂ ಡಚ್ಚರು ಗಣಿತಕ್ಕೆ ವಿಸ್ಕುಂದೆ ಅನ್ನುತ್ತಾರೆ. ಆ ಪದದ ಮೂಲ ಸ್ಟೇವಿನ್ ಬರವಣಿಗೆಯಲ್ಲಿದೆ. ಕನ್ನಡದಲ್ಲಿ ವಿಜ್ಞಾನ ಮಾತಾಡುವ ನಮಗೆ ಅವನು ದೂರದ ನೆಂಟನೇ ಸರಿ.

ಆಮೇಲೆ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಬಂದ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಒಂದೇ ಸಮನೆ ಹರಡುತ್ತದೆ ಎಂಬ ಅವನ ನಿಯಮವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ. ಅವನ ಗ್ರಂಥ ಅಚ್ಚಾದದ್ದು 1663ರಲ್ಲಿ, ಅವನು ತೀರಿಕೊಂಡ ಮರುವರ್ಷ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಇದೇ ತತ್ವದ ಮೇಲೆ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. 1921ರ ಹೊತ್ತಿಗೆ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ದ್ರವದ ಬ್ರೇಕ್ ಬಂತು.

ಈಗ ಲೆಕ್ಕ ನೋಡಿ. ನೀವು ಪೆಡಲ್ ಮೇಲೆ 20 ಕಿಲೋ ಭಾರ ಹಾಕುತ್ತೀರಿ. ಪೆಡಲ್ ಒಂದು ಸನ್ನೆಗೋಲು. ಅದು ಐದು ಪಟ್ಟು ಹೆಚ್ಚಿಸಿದರೆ 100 ಕಿಲೋ. ಬೂಸ್ಟರ್ ಇನ್ನೂ ಮೂರು ಪಟ್ಟು ಮಾಡಿದರೆ 300 ಕಿಲೋ. ಈ ಬಲ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ ಬೀಳುತ್ತೆ. ಅದರ ವಿಸ್ತಾರ 5 ಚದರ ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಆಗ ಕೊಳವೆಯೊಳಗಿನ ಒತ್ತಡ ಸುಮಾರು 60 ಬಾರ್. ಕಾರಿನ ಟೈರಿನಲ್ಲಿ ಇರುವುದು ಎರಡೂವರೆ ಬಾರ್ ಆಸುಪಾಸು ಅಂತ ನೆನಪಿಟ್ಟುಕೊಂಡರೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ಆ ಒತ್ತಡ ಕ್ಯಾಲಿಪರಿನಲ್ಲಿ 25 ಚದರ ಸೆಂಟಿಮೀಟರಿನ ಪಿಸ್ಟನ್ ಮೇಲೆ ಬಿದ್ದರೆ 1,500 ಕಿಲೋ ಬಲ. ನಿಮ್ಮ 20 ಕಿಲೋ ಹೀಗೆ ಒಂದೂವರೆ ಟನ್ ಆಯಿತು. ಗಾಡಿಗಾಡಿಗೆ ಅಂಕಿ ಬದಲಾಗುತ್ತೆ, ತತ್ವ ಇದೇ.

ಪ್ರಕೃತಿ ಈ ಉಪಾಯವನ್ನು ನಮಗಿಂತ ಬಹಳ ಮೊದಲೇ ಕಂಡುಕೊಂಡಿತ್ತು. ಜೇಡದ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಮಡಚುವುದಕ್ಕೆ ಸ್ನಾಯು ಇದೆ, ಚಾಚುವುದಕ್ಕೆ ಇಲ್ಲ. ಚಾಚುವ ಕೆಲಸ ಮಾಡುವುದು ರಕ್ತದಂಥ ದೇಹದ್ರವದ ಒತ್ತಡ. ಅದಕ್ಕೇ ಸತ್ತ ಜೇಡದ ಕಾಲುಗಳು ಒಳಕ್ಕೆ ಮುದುಡಿಕೊಂಡಿರುತ್ತವೆ. ಒತ್ತಡ ಹೋಯಿತು, ಕಾಲು ಹೋಯಿತು. ನಿಮ್ಮ ಟ್ರಕ್ಕಿನ ಪಾಡೂ ಅಷ್ಟೇ.

ಒಂದು ಚಮಚ ಗಾಳಿ

ಈ ಇಡೀ ವ್ಯವಸ್ಥೆ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ದ್ರವ ಹಿಂಡಿದರೂ ಕುಗ್ಗುವುದಿಲ್ಲ. ಕಟ್ಟುನಿಟ್ಟಾಗಿ ಹೇಳಬೇಕೆಂದರೆ ಕುಗ್ಗುತ್ತೆ, ಆದರೆ ತೀರಾ ಅಲ್ಪ. 60 ಬಾರ್ ಒತ್ತಡಕ್ಕೆ ಬ್ರೇಕ್ ಆಯಿಲ್ ಸಾವಿರಕ್ಕೆ ಮೂರು ಭಾಗದಷ್ಟು ಕುಗ್ಗಬಹುದು. ಗಾಳಿಯ ಸಂಗತಿಯೇ ಬೇರೆ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮದ ಪ್ರಕಾರ ಒತ್ತಡ ಎಷ್ಟು ಪಟ್ಟು ಏರುತ್ತದೋ ಗಾಳಿಯ ಗಾತ್ರ ಅಷ್ಟು ಪಟ್ಟು ಇಳಿಯುತ್ತೆ. ಅಂದರೆ 60 ಬಾರ್‌ನಲ್ಲಿ ಒಂದು ಗುಳ್ಳೆ ತನ್ನ ಗಾತ್ರದ 98 ಭಾಗ ಕಳೆದುಕೊಂಡು ಸಾಸಿವೆಯಾಗಿಬಿಡುತ್ತೆ. ಒಂದು ಮಿಲಿಲೀಟರ್ ಗಾಳಿ ಕುಗ್ಗುವಷ್ಟು ಕುಗ್ಗಬೇಕಾದರೆ 300 ಮಿಲಿಲೀಟರಿಗೂ ಹೆಚ್ಚು ಆಯಿಲ್ ಬೇಕು.

ಕೊಳವೆಯಲ್ಲೆಲ್ಲೋ ಒಂದು ಟೀ ಚಮಚದಷ್ಟು, ಅಂದರೆ 5 ಮಿಲಿಲೀಟರ್ ಗಾಳಿ ಉಳಿದಿದೆ ಅಂದುಕೊಳ್ಳಿ. ಅದನ್ನು ಹಿಂಡುವುದಕ್ಕೇ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಒಂದು ಸೆಂಟಿಮೀಟರ್ ಮುಂದೆ ಹೋಗಬೇಕು. ಪೆಡಲಿನಲ್ಲಿ ಅದು 5 ಸೆಂಟಿಮೀಟರ್. ಪೆಡಲಿನ ಒಟ್ಟು ಓಟವೇ 15 ಸೆಂಟಿಮೀಟರ್ ಇದ್ದರೆ ಮೂರನೇ ಒಂದು ಭಾಗ ಗುಳ್ಳೆಯ ಪಾಲಾಯಿತು. ಇನ್ನೂ ಕೆಟ್ಟ ಸುದ್ದಿ ಏನಂದ್ರೆ, ಒತ್ತಡ ಶುರುವಿನ 10 ಬಾರ್ ಮುಟ್ಟುವಷ್ಟರಲ್ಲೇ ಗುಳ್ಳೆ ಹತ್ತರಲ್ಲಿ ಒಂಬತ್ತು ಭಾಗ ಕುಗ್ಗಿರುತ್ತೆ. ಕಾಲು ದೂರ ಹೋಗಿದೆ, ಚಕ್ರಕ್ಕೆ ಮಾತ್ರ ಇನ್ನೂ ಹೇಳಿಕೊಳ್ಳುವಂಥ ಬಲ ಮುಟ್ಟಿಲ್ಲ. ಸ್ಪಂಜು ತುಳಿದ ಹಾಗೆ ಅನ್ನಿಸುವುದು ಇದೇ.

ಊರಿನಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫುಟ್ ವಾಲ್ವ್ ಸೋರಿ ಪೈಪಿನಲ್ಲಿ ಗಾಳಿ ಹಿಡಿಯಿತು ಅಂದರೆ ಮೋಟಾರು ತಿರುಗುತ್ತಲೇ ಇರುತ್ತೆ, ನೀರು ಬರಲ್ಲ. ಬಿಂದಿಗೆಯಲ್ಲಿ ನೀರು ಹೊಯ್ದು ಗಾಳಿ ಓಡಿಸಬೇಕು.

ಹೃದಯಕ್ಕೂ ಇದೇ ಗಂಡಾಂತರ ಉಂಟು. ಶಸ್ತ್ರಚಿಕಿತ್ಸೆಯಲ್ಲೋ ಅಪಘಾತದಲ್ಲೋ ದೊಡ್ಡ ಗಾಳಿಗುಳ್ಳೆ ಅಭಿಧಮನಿಯ ಮೂಲಕ ಹೃದಯದ ಬಲ ಹೃತ್ಕುಕ್ಷಿ ಸೇರಿದರೆ, ಹೃದಯ ಬಡಿಯುತ್ತಲೇ ಇರುತ್ತೆ, ರಕ್ತ ಮಾತ್ರ ಮುಂದೆ ಹೋಗಲ್ಲ. ಪ್ರತಿ ಬಡಿತಕ್ಕೂ ಗುಳ್ಳೆ ಕುಗ್ಗುತ್ತೆ, ಹಿಗ್ಗುತ್ತೆ, ಅಷ್ಟೇ. ವೈದ್ಯರು ಇದಕ್ಕೂ ಏರ್ ಲಾಕ್ ಅಂತಲೇ ಹೇಳುತ್ತಾರೆ. ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ ತಲೆಯ ಭಾಗ ತಗ್ಗಿಸುವ ಒಂದು ಉಪಾಯ 1947ರಿಂದ ವೈದ್ಯಕೀಯ ಬರಹಗಳಲ್ಲಿದೆ. ಗುಳ್ಳೆ ಮೇಲಕ್ಕೇರಿ ಶ್ವಾಸಕೋಶದ ದಾರಿಯಿಂದ ಆಚೆ ಸರಿಯಲಿ ಎಂಬುದು ಅದರ ಹಿಂದಿನ ಯೋಚನೆ. ಗಾಳಿ ಯಾವಾಗಲೂ ಮೇಲಕ್ಕೇರುತ್ತೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ದೊಡ್ಡ ಲಾರಿಯ ಬುಸ್ ಸದ್ದು

ಇಲ್ಲೊಂದು ಗೊಂದಲ ಬಿಡಿಸಬೇಕು. "ಲಾರಿ, ಬಸ್ಸುಗಳ ಬ್ರೇಕ್ ನಡೆಯುವುದೇ ಗಾಳಿಯಿಂದ ಅಲ್ವಾ?" ಅಂತ ನೀವು ಕೇಳಬಹುದು. ನಿಜ. ಐಂಡ್‌ಹೋವನ್ನಿನಲ್ಲಿ 1928ರಲ್ಲಿ ಶುರುವಾದ ಡಾಫ್ ಕಂಪನಿಯ ಈಗಿನ ದೊಡ್ಡ ಟ್ರಕ್ಕುಗಳಿಗೂ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸುಗಳಿಗೂ ಇರುವುದು ಏರ್ ಬ್ರೇಕ್. ಬಸ್ಸು ನಿಲ್ದಾಣದಲ್ಲಿ ಕೇಳುವ ಬುಸ್ ಸದ್ದು ಅದರದ್ದೇ. ಅಲ್ಲಿ ಇಂಜಿನ್ನೇ ಕಂಪ್ರೆಸರ್ ತಿರುಗಿಸಿ ಟ್ಯಾಂಕಿನಲ್ಲಿ ಗಾಳಿ ತುಂಬಿಡುತ್ತೆ. ಪೆಡಲ್ ಬರೀ ನಲ್ಲಿ ಇದ್ದ ಹಾಗೆ, ನಿಮ್ಮ ಕಾಲು ಗಾಳಿಯನ್ನು ಹಿಂಡುವುದಿಲ್ಲ. ಗಾಳಿ ಎಷ್ಟು ಕುಗ್ಗಿದರೂ ತುಂಬಿಕೊಡುವುದಕ್ಕೆ ಟ್ಯಾಂಕ್ ಇದೆ. ಒತ್ತಡ ಪೂರ್ತಿ ಹೋದರೆ ಸ್ಪ್ರಿಂಗ್ ಬಂದು ಬ್ರೇಕ್ ಕಚ್ಚಿಕೊಳ್ಳುತ್ತೆ. ಅಲ್ಲಿ ಹುಡುಕಬೇಕಾದ ದೋಷಗಳು ಬೇರೆ: ಗಾಳಿ ಸೋರಿಕೆ, ತಳ್ಳುಕಡ್ಡಿಯ ಓಟ ಇತ್ಯಾದಿ.

ದ್ರವದ ಬ್ರೇಕ್ ಇರುವುದು ಕಾರು, ಪಿಕಪ್, ವ್ಯಾನು ಮತ್ತು ಅನೇಕ ಸಣ್ಣ ಟ್ರಕ್ಕುಗಳಲ್ಲಿ. ಊರಿನ ಟಾಟಾ 407 ನೆನಪಿಸಿಕೊಳ್ಳಿ. ಈ ಜಾತಿಯ ಗಾಡಿಯಲ್ಲಿ ನಿಮ್ಮ ಪಾದಕ್ಕೂ ಚಕ್ರಕ್ಕೂ ನಡುವೆ ಇರುವುದು ಕಾಲು ಲೀಟರಿನ ಆಸುಪಾಸು ದ್ರವ ಮಾತ್ರ. ಅಲ್ಲಿ ಗಾಳಿ ಶತ್ರು.

ಪೆಡಲ್ ಏನು ಹೇಳ್ತಾ ಇದೆ?

ಮೆಕ್ಯಾನಿಕ್‌ಗಳು ಎಲ್ಲಕ್ಕೂ "ಬ್ರೇಕ್ ಸರಿ ಇಲ್ಲ" ಅಂತ ಒಂದೇ ಮಾತು ಹೇಳಿದರೂ ಒಳ್ಳೆಯ ಮೇಸ್ತ್ರಿಯ ಕಾಲು ಮೂರು ದೂರುಗಳನ್ನು ಬೇರೆಬೇರೆಯಾಗಿ ಗುರುತಿಸುತ್ತೆ. ನಾವೂ ಗುರುತಿಸೋಣ. ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಲಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟಿರಲಿ.

ಮೊದಲನೆಯದು, ಸ್ಪ್ರಿಂಗಿನಂಥ ಪೆಡಲ್. ಒತ್ತಿದಷ್ಟೂ ಹೋಗುತ್ತೆ, ಬಿಟ್ಟರೆ ಪುಟಿಯುತ್ತೆ. ಬೇಗ ಬೇಗ ಮೂರು ನಾಲ್ಕು ಸಲ ಒತ್ತಿದರೆ ಮೇಲೆ ಬರುತ್ತೆ, ಬಂದ ಮೇಲೂ ಪುಟಿಯುವ ಗುಣ ಸ್ವಲ್ಪ ಉಳಿದಿರುತ್ತೆ. ಇದು ಗಾಳಿಯ ಲಕ್ಷಣ. ಹಳೆಯ ರಬ್ಬರ್ ಹೋಸ್ ಬಲೂನಿನ ಹಾಗೆ ಉಬ್ಬುತ್ತಿದ್ದರೂ, ಕ್ಯಾಲಿಪರ್ ಅಥವಾ ಪ್ಯಾಡ್ ಸರಿಯಾಗಿ ಕೂರದೆ ಬಾಗುತ್ತಿದ್ದರೂ ಹೀಗೇ ಪುಟಿಯಬಹುದು, ಆದರೆ ಪಂಪ್ ಮಾಡಿದರೆ ಅಷ್ಟಾಗಿ ಸುಧಾರಿಸಲ್ಲ.

ಎರಡನೆಯದು, ಉದ್ದ ಪೆಡಲ್. ಮೊದಲ ಒತ್ತಿಗೆ ಆಳಕ್ಕೆ ಹೋಗುತ್ತೆ, ಎರಡನೇ ಒತ್ತಿಗೆ ಮೇಲೆ ಬಂದು ಕಲ್ಲಿನ ಹಾಗೆ ಗಟ್ಟಿ ನಿಲ್ಲುತ್ತೆ. ಇದು ಹೆಚ್ಚಾಗಿ ಗಾಳಿಯಲ್ಲ, ಸಂದು. ಹಿಂದಿನ ಡ್ರಮ್ಮಿನೊಳಗೆ ಹೊಸ ಬ್ರೇಕ್ ಶೂ ಹಾಕಿ ಅಡ್ಜಸ್ಟ್ ಮಾಡದಿದ್ದರೆ ಶೂ ಡ್ರಮ್ಮನ್ನು ಮುಟ್ಟುವುದಕ್ಕೇ ಅರ್ಧ ಪೆಡಲ್ ಖರ್ಚಾಗುತ್ತೆ. ವೀಲ್ ಬೇರಿಂಗ್ ಸಡಿಲವಿದ್ದರೆ ಅಥವಾ ಡಿಸ್ಕ್ ಓರೆಯಾಗಿದ್ದರೆ ಓಡುವಾಗ ಪ್ಯಾಡು ಹಿಂದಕ್ಕೆ ತಳ್ಳಲ್ಪಟ್ಟು ಇದೇ ರೀತಿ ಆಗುತ್ತೆ. ಹಳೆಯ ಅಳತೆಗಿಂತ ದೊಡ್ಡ ಪಿಸ್ಟನ್ನಿನ ಕ್ಯಾಲಿಪರ್ ಹಾಕಿದ್ದರೆ ಪೆಡಲ್ ಶಾಶ್ವತವಾಗಿ ಉದ್ದವಾಗುತ್ತೆ, ಪಂಪ್ ಮಾಡಿದರೂ ಕಾರಣ ಹೋಗಲ್ಲ.

ಮೂರನೆಯದು, ಮುಳುಗುವ ಪೆಡಲ್. ಒತ್ತಿ ಹಿಡಿದುಕೊಂಡು 30 ಸೆಕೆಂಡ್ ಎಣಿಸಿ. ಕಾಲಡಿಯಲ್ಲಿ ಪೆಡಲ್ ನಿಧಾನಕ್ಕೆ ನೆಲದತ್ತ ಇಳಿಯುತ್ತಾ ಹೋದರೆ ದ್ರವ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ಹೊರಗೆ ಸೋರುತ್ತಿದ್ದರೆ ಚಕ್ರದ ಒಳಬದಿ, ಜೋಡಣೆಗಳಲ್ಲಿ ಒದ್ದೆ ಕಾಣುತ್ತೆ, ಡಬ್ಬಿಯಲ್ಲಿ ಮಟ್ಟ ಇಳಿಯುತ್ತೆ. ಎಲ್ಲೂ ಒದ್ದೆಯಿಲ್ಲ, ಮಟ್ಟವೂ ಹಾಗೇ ಇದೆ ಅಂದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲು ದಾಟಿ ದ್ರವ ವಾಪಸ್ ಡಬ್ಬಿಗೇ ಹೋಗುತ್ತಿರಬಹುದು. ಹಳೇ ಗಾಡಿಗಳಲ್ಲಿ ಏರ್ ತೆಗೆಯುವಾಗ ಪೆಡಲನ್ನು ನೆಲದವರೆಗೂ ತುಳಿದು ತುಳಿದು ಈ ಸೀಲು ಕೆಡುವುದುಂಟು. ಯಾಕಂದ್ರೆ ಪಿಸ್ಟನ್ ಎಂದೂ ಹೋಗದ ಆಳದಲ್ಲಿ ಸಿಲಿಂಡರಿನ ಗೋಡೆಗೆ ತುಕ್ಕು, ಕಿಟ್ಟ ಹಿಡಿದಿರುತ್ತೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಈ ಅಪಾಯ ತಪ್ಪುತ್ತೆ.

ಬೂಸ್ಟರ್ ಬಗ್ಗೆ ಒಂದು ಮಾತು. ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಒತ್ತಿದರೆ ಪೆಡಲ್ ಗಟ್ಟಿಯಾಗಬೇಕು. ಕಾಲು ಅಲ್ಲೇ ಇಟ್ಟು ಇಂಜಿನ್ ಶುರು ಮಾಡಿದರೆ ಪೆಡಲ್ ಸ್ವಲ್ಪ ಕೆಳಗೆ ಇಳಿಯುತ್ತೆ. ಇದು ದೋಷವಲ್ಲ, ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು. ಎಷ್ಟೋ ಜನ ಇದನ್ನೇ ನೋಡಿ ಗಾಬರಿಬಿದ್ದು ಒಳ್ಳೇ ಭಾಗವನ್ನು ಬದಲಾಯಿಸಿಬಿಡುತ್ತಾರೆ.

ಒಂದೊಂದೇ ಬಾಗಿಲು ಮುಚ್ಚಿ

ಪ್ರಯೋಗಾಲಯದಲ್ಲಿ ನಾವು ಮೊದಲು ಕಲಿಯುವ ಪಾಠ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸು ಅನ್ನುವುದು. ಐದು ಭಾಗ ಒಟ್ಟಿಗೆ ಬದಲಿಸಿದ ಮೇಲೆ ತೊಂದರೆ ಬಂದರೆ ಯಾವುದು ಕಾರಣ ಅಂತ ಊಹೆಯಿಂದ ಹೇಳುವುದಕ್ಕಾಗಲ್ಲ. ಹಾಗಾಗಿ ವ್ಯವಸ್ಥೆಯನ್ನು ತುಂಡು ತುಂಡಾಗಿ ಬೇರ್ಪಡಿಸಿ ನೋಡಬೇಕು.

ಮಾಸ್ಟರ್ ಸಿಲಿಂಡರಿನಿಂದ ಹೊರಟ ಕೊಳವೆಗಳನ್ನು ಬಿಚ್ಚಿ, ಆ ರಂಧ್ರಗಳಿಗೆ ಸರಿಯಾದ ಅಳತೆಯ ಮುಚ್ಚಳ ತಿರುಚಿ ಒತ್ತಿ ನೋಡುವುದು ಒಂದು ದಾರಿ. ಪೆಡಲ್ ಕಲ್ಲಾಗಿ ನಿಂತರೆ ಮಾಸ್ಟರ್ ನಿರ್ದೋಷಿ, ಗುಳ್ಳೆ ಮುಂದೆ ಇದೆ. ಆಗಲೂ ಮೆತ್ತಗಿದ್ದರೆ ಚಕ್ರದ ಹತ್ತಿರ ಹೋಗುವುದೇ ದಂಡ. ಹೊಸ ಮಾಸ್ಟರ್ ಸಿಲಿಂಡರನ್ನು ಗಾಡಿಗೆ ಹಾಕುವ ಮುಂಚೆ ಬೆಂಚಿನ ಮೇಲೆ ಇಟ್ಟು ಗಾಳಿ ತೆಗೆಯದೆ ಹಾಗೇ ಕೂರಿಸಿದ್ದರೆ ಇಲ್ಲೇ ಸಿಕ್ಕಿಬೀಳುತ್ತೆ.

ಇನ್ನೊಂದು ದಾರಿ, ರಬ್ಬರ್ ಹೋಸ್‌ಗಳನ್ನು ಅದಕ್ಕೆಂದೇ ಇರುವ, ಗಾಯ ಮಾಡದ ಕ್ಲ್ಯಾಂಪಿನಿಂದ ಒಂದೊಂದಾಗಿ ಬಿಗಿಯುವುದು. ಯಾವ ಹೋಸ್ ಬಿಗಿದಾಗ ಪೆಡಲ್ ಥಟ್ಟನೆ ಗಟ್ಟಿಯಾಗುತ್ತೋ ಆ ಹೋಸಿನ ಆಚೆ ಕಡೆ ಕಳ್ಳ ಇದ್ದಾನೆ. ಸಾಧಾರಣ ಇಕ್ಕಳ ಹಾಕಿ ಹಿಂಡಬೇಡಿ, ಒಳಪದರ ಹರಿದು ಹೊಸ ತೊಂದರೆ ಶುರುವಾಗುತ್ತೆ. ಉಕ್ಕಿನ ಹೆಣಿಗೆಯ ಹೋಸ್‌ಗಳಿಗೆ ಈ ಉಪಾಯ ಬೇಡವೇ ಬೇಡ.

ಸಣ್ಣ ಟ್ರಕ್ಕುಗಳಿಗೆ ಇನ್ನೆರಡು ಅಡಗುತಾಣ ಇವೆ. ಹಿಂದಿನ ಆಕ್ಸಲಿನ ಹತ್ತಿರ ಹೊರೆಗೆ ತಕ್ಕಂತೆ ಒತ್ತಡ ಹಂಚುವ ಕವಾಟ ಇರಬಹುದು. ಗಾಡಿಯನ್ನು ಜಾಕ್ ಮೇಲೆ ಎತ್ತಿ ಹಿಂದಿನ ಚಕ್ರ ಜೋತಾಡಲು ಬಿಟ್ಟರೆ, "ಗಾಡಿ ಖಾಲಿ ಇದೆ" ಅಂದುಕೊಂಡು ಆ ಕವಾಟ ಹಿಂದಕ್ಕೆ ದ್ರವ ಹೋಗುವುದನ್ನು ತಡೆಹಿಡಿಯುತ್ತೆ. ಗಾಳಿ ಅಲ್ಲೇ ಉಳಿಯುತ್ತೆ. ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗ ಏರ್ ತೆಗೆಯಬೇಕು, ಅಥವಾ ಆಕ್ಸಲ್ಲಿಗೆ ಆಸರೆ ಕೊಡಬೇಕು. ಎರಡನೆಯದು ಎಬಿಎಸ್ ಪೆಟ್ಟಿಗೆ. ಅದರೊಳಗಿನ ಮುಚ್ಚಿದ ಕವಾಟಗಳ ಹಿಂದೆ ಗಾಳಿ ಸೇರಿದರೆ ಬರೀ ಪೆಡಲ್ ತುಳಿದು ಹೊರಗೆ ಬರಿಸುವುದು ಕಷ್ಟ. ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್ ಜೋಡಿಸಿ ಆ ಪಂಪು, ಕವಾಟಗಳನ್ನು ಆಡಿಸಬೇಕಾಗುತ್ತೆ.

ಬ್ರಬಾಂಟಿನ ಗೆಳೆಯರ ಗಾಡಿಯಲ್ಲಿ ಇದ್ದದ್ದು ಏನು? ಅವರಿಗೆ ನಾನು ಬರೆದು ಕೇಳಿದ್ದು ಒಂದೇ ಪ್ರಶ್ನೆ: ಏರ್ ತೆಗೆಯುವ ನಿಪ್ಪಲ್ ಕ್ಯಾಲಿಪರಿನ ಮೇಲುಗಡೆ ಇದೆಯಾ, ಕೆಳಗಡೆಯಾ? ಫೋಟೊ ಬಂತು. ಎರಡೂ ಕಡೆ ನಿಪ್ಪಲ್ ನೆಲದ ಕಡೆ ಮುಖ ಮಾಡಿತ್ತು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಬೋಲ್ಟ್ ಎಲ್ಲ ಸರಿಯಾಗಿಯೇ ಹಿಡಿದಿದ್ದವು, ನೋಡುವುದಕ್ಕೆ ಏನೂ ವ್ಯತ್ಯಾಸವಿಲ್ಲ. ಹೊಸ ಕ್ಯಾಲಿಪರ್ ಹಾಕಿದ ಮೇಲೆ ಪೆಡಲ್ ಮೆತ್ತಗಾಗುವ ಕಾರಣಗಳಲ್ಲಿ ಇದು ತುಂಬ ಸಾಮಾನ್ಯವಾದದ್ದು.

ಆದರೆ ಮೂರು ಸಲ ಏರ್ ತೆಗೆದಾಗಲೂ ಅವರಿಗೆ ಯಾಕೆ ಗೊತ್ತಾಗಲಿಲ್ಲ? ಇದು ನನಗೆ ಬಹಳ ಇಷ್ಟವಾದ ಭಾಗ. ಅವರು ಪಾರದರ್ಶಕ ಟ್ಯೂಬ್ ಹಾಕಿ ಗುಳ್ಳೆ ಬರುವುದು ನಿಲ್ಲುವವರೆಗೂ ಕಾದಿದ್ದರು. ಗುಳ್ಳೆ ನಿಂತಿತು, ಶುಭ್ರವಾದ ಆಯಿಲ್ ಬಂತು, ಕೆಲಸ ಮುಗಿಯಿತು ಅಂದುಕೊಂಡರು. ಆದರೆ ನಿಪ್ಪಲ್ ಇರುವುದು ತಳದಲ್ಲಿ, ಗಾಳಿ ಕೂತಿರುವುದು ನೆತ್ತಿಯಲ್ಲಿ. ತಳದಿಂದ ಬರುವುದು ಆಯಿಲ್ ಮಾತ್ರ. ಇನ್ನೂ ಹತ್ತು ಲೀಟರ್ ಹಾಕಿದರೂ ಅಷ್ಟೇ. ಟ್ಯೂಬಿನಲ್ಲಿ ಗುಳ್ಳೆ ಕಾಣದಿದ್ದರೆ ಟ್ಯೂಬಿನಲ್ಲಿ ಗುಳ್ಳೆ ಇಲ್ಲ ಅಂತ ಅರ್ಥ, ಕ್ಯಾಲಿಪರಿನಲ್ಲಿ ಇಲ್ಲ ಅಂತ ಅಲ್ಲ. ಮಾದರಿ ತೆಗೆದ ಜಾಗವೇ ತಪ್ಪಾದರೆ ಫಲಿತಾಂಶ ಎಷ್ಟು ಶುಭ್ರವಾಗಿ ಕಂಡರೂ ನಂಬುವಂತಿಲ್ಲ. ಇದು ಕೆರೆಯ ನೀರಿನ ಪರೀಕ್ಷೆಗೂ ರಕ್ತ ಪರೀಕ್ಷೆಗೂ ಸಮಾನ ಸತ್ಯ. ಕ್ಯಾಲಿಪರ್‌ಗಳನ್ನು ಅದಲುಬದಲು ಮಾಡಿ ಹೋಸ್‌ಗಳು ತಿರುಚಿಕೊಂಡಿಲ್ಲ ಎಂದು ನೋಡಿ, ಮತ್ತೆ ಏರ್ ತೆಗೆದರು. ಪೆಡಲ್ ಮೇಲೆ ನಿಂತಿತು. ಆಮೇಲೆ ಗಾಡಿಯನ್ನು ಒಂದು ವರ್ಕ್‌ಶಾಪಿನ ರೋಲರ್ ಮೇಲೆ ಹತ್ತಿಸಿ ನಾಲ್ಕೂ ಚಕ್ರಗಳ ಬ್ರೇಕ್ ಬಲ ಅಳೆಸಿದ್ದಾರೆ.

ಗಾಳಿ ತೆಗೆಯುವ ದೇಶ

ಏರ್ ತೆಗೆಯುವ ಕೆಲಸಕ್ಕೆ ಇಂಗ್ಲಿಷಿನವರು ಬ್ಲೀಡಿಂಗ್, ರಕ್ತ ಹರಿಸುವುದು, ಅಂತಾರೆ. ಡಚ್ಚರ ಪದ ಒಂಟ್‌ಲುಖ್ತನ್. ಲುಖ್ತ್ ಅಂದರೆ ಗಾಳಿ. ಹಾಗಾಗಿ ಅದು ನೇರವಾಗಿ ಗಾಳಿ ತೆಗೆ ಅಂತಲೇ. ನಮ್ಮ ಮೇಸ್ತ್ರಿಗಳ "ಏರ್ ತೆಗಿ" ಅನ್ನುವುದಕ್ಕೆ ತಕ್ಕ ಜೋಡಿ. ಈ ಪದ ಇಲ್ಲಿ ಮನೆಮನೆಗೂ ಗೊತ್ತು. ಚಳಿಗಾಲ ಶುರುವಾಗುವಾಗ ಮನೆಯ ರೇಡಿಯೇಟರ್ ಮೇಲರ್ಧ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಸೇರಿದೆ ಅಂತ ಅರ್ಥ. ಒಂದು ಪುಟಾಣಿ ಕೀಲಿ ತಗೊಂಡು ಮೇಲ್ತುದಿಯ ತಿರುಪು ಸಡಿಲಿಸಿದರೆ ಉಸ್ ಅಂತ ಗಾಳಿ ಹೋಗಿ ನೀರು ಜಿನುಗುತ್ತೆ. ಆ ತಿರುಪು ಯಾವಾಗಲೂ ಮೇಲೇ ಇರುತ್ತೆ, ಗಮನಿಸಿ.

ಹೂವಿನ ಅಂಗಡಿಯವರಿಗೂ ಇದೇ ತಲೆನೋವು. ಆಲ್ಸ್‌ಮೇರ್‌ನಲ್ಲಿ ಜಗತ್ತಿನ ಅತಿ ದೊಡ್ಡ ಹೂವಿನ ಹರಾಜುಕಟ್ಟೆಗಳಲ್ಲೊಂದು ಇದೆ. ಕತ್ತರಿಸಿದ ಗುಲಾಬಿಯನ್ನು ನೀರಿನಲ್ಲಿಟ್ಟರೂ ಕೆಲವೊಮ್ಮೆ ಕತ್ತು ಬಗ್ಗಿಸುತ್ತಲ್ಲ, ಅದಕ್ಕೆ ಒಂದು ಕಾರಣ ಕತ್ತರಿಸಿದ ಕ್ಷಣದಲ್ಲಿ ಕಾಂಡದ ನೀರ್ಗೊಳವೆಗಳಿಗೆ ನುಗ್ಗಿದ ಗಾಳಿ. ವಾಖನಿಂಗನ್ ವಿಶ್ವವಿದ್ಯಾಲಯದಲ್ಲಿ ಈ ಬಗ್ಗೆ ಸಾಕಷ್ಟು ಸಂಶೋಧನೆ ನಡೆದಿದೆ. ಗಿಡದಲ್ಲಿ ನೀರು ಮೇಲಿನಿಂದ ಎಳೆಯಲ್ಪಡುತ್ತದೆ, ಬ್ರೇಕಿನಲ್ಲಿ ತಳ್ಳಲ್ಪಡುತ್ತದೆ. ದಿಕ್ಕು ಬೇರೆ, ಎರಡಕ್ಕೂ ಬೇಕಾದದ್ದು ತುಂಡಾಗದ ದ್ರವದ ಎಳೆ. ಕಾಂಡದ ತುದಿಯನ್ನು ನೀರೊಳಗೇ ಇಟ್ಟು ಇನ್ನೊಮ್ಮೆ ಕತ್ತರಿಸಿ ಅನ್ನುವ ಅಜ್ಜಿಮದ್ದಿನ ಹಿಂದೆ ಇರುವುದು ಈ ತರ್ಕ. ಬ್ರೇಕಿಗೂ ಅದೇ ಅನ್ವಯ: ಏರ್ ತೆಗೆಯುವಾಗ ಡಬ್ಬಿಯಲ್ಲಿ ಆಯಿಲ್ ಒಮ್ಮೆ ಪೂರ್ತಿ ಇಳಿದು ಗಾಳಿ ನುಗ್ಗಿತೋ, ಮತ್ತೆ ಮೊದಲಿನಿಂದ.

ಕಾಣೆಯಾಗುವ ಸಾಕ್ಷಿ

ಕೊನೆಯದಾಗಿ ಅತ್ಯಂತ ಅಪಾಯದ ಗುಳ್ಳೆ. ಇದು ಹೊರಗಿನಿಂದ ಬಂದ ಗಾಳಿಯಲ್ಲ, ಆವಿ. ಡಾಟ್ 3, ಡಾಟ್ 4 ಜಾತಿಯ ಬ್ರೇಕ್ ಆಯಿಲ್ ಹೆಸರಿಗೆ ಆಯಿಲ್, ನಿಜದಲ್ಲಿ ಎಣ್ಣೆಯಲ್ಲ. ಗ್ಲೈಕಾಲ್ ಈಥರ್ ಆಧಾರಿತ ದ್ರವ. ಮಳೆಗಾಲದ ಉಪ್ಪಿನ ಹಾಗೆ ಅದು ತೇವ ಹೀರುತ್ತೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ಮಾನದಂಡ. ಅದೇ ದ್ರವದಲ್ಲಿ ನೂರಕ್ಕೆ 3.7 ಭಾಗ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತೆ.

ನೆದರ್‌ಲ್ಯಾಂಡ್ಸ್ ಅಂಗೈಯಷ್ಟು ಸಪಾಟು. ಹಳೇ ಆಯಿಲ್ ಹಾಕಿಕೊಂಡು ವರ್ಷಗಟ್ಟಲೆ ಓಡಿಸಿದರೂ ಇಲ್ಲಿ ಏನೂ ಆಗದಿರಬಹುದು. ಬೇಸಿಗೆ ರಜೆಗೆ ಕ್ಯಾರವಾನ್ ಎಳೆದುಕೊಂಡು ಆಲ್ಪ್ಸ್ ಇಳಿಯುವಾಗ, ಅಥವಾ ನಮ್ಮ ಕಡೆ ಹೊರೆ ತುಂಬಿದ ಗಾಡಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ, ಬ್ರೇಕ್ ಕಾದು ದ್ರವದೊಳಗಿನ ನೀರು ಕುದಿಯುತ್ತೆ. ಆವಿಯ ಗುಳ್ಳೆ ಹುಟ್ಟುತ್ತೆ, ಪೆಡಲ್ ನೆಲ ಮುಟ್ಟುತ್ತೆ. ಅರ್ಧ ಗಂಟೆ ನಿಲ್ಲಿಸಿದರೆ ತಣ್ಣಗಾಗಿ ಆವಿ ಮತ್ತೆ ದ್ರವವಾಗುತ್ತೆ, ಪೆಡಲ್ ಗಟ್ಟಿ. ಗ್ಯಾರೇಜಿಗೆ ಹೋದಾಗ "ಎಲ್ಲ ಸರಿ ಇದೆಯಲ್ಲ" ಅಂತಾರೆ. ಸಾಕ್ಷಿ ತಾನಾಗಿಯೇ ಮಾಯ. ಅದಕ್ಕೇ ಆಯಿಲನ್ನು ಗಾಡಿಯ ಪುಸ್ತಕ ಹೇಳಿದ ಅವಧಿಗೆ ಬದಲಿಸಬೇಕು, ಸಾಧಾರಣವಾಗಿ ಎರಡು ವರ್ಷಕ್ಕೊಮ್ಮೆ. ಘಾಟಿಯಲ್ಲಿ ಕಡಿಮೆ ಗೇರಿನಲ್ಲಿ ಇಳಿಯಿರಿ ಅನ್ನುವ ಹಳೇ ಡ್ರೈವರುಗಳ ಮಾತಿಗೆ ಭೌತಶಾಸ್ತ್ರದ ಬೆಂಬಲ ಪೂರ್ತಿ ಇದೆ.

ಈಗ ಆ ಮೂಲ ಪ್ರಶ್ನೆಯ ಉತ್ತರವನ್ನು ಕಾರಣ ಸಮೇತ ಹೇಳಬಹುದು. ಪಂಪ್ ಮಾಡಿದಾಗ ಪೆಡಲ್ ಮೇಲೆ ಬರುವುದು ಗಾಳಿ ಹೋಗಿದ್ದರಿಂದ ಅಲ್ಲ. ಬೇಗ ಬೇಗ ಒತ್ತಿದಾಗ ಡಬ್ಬಿಯಿಂದ ಇನ್ನಷ್ಟು ದ್ರವ ಕೊಳವೆಗೆ ನುಗ್ಗಿ ಗುಳ್ಳೆಯನ್ನು ಕ್ಷಣಕಾಲ ಒತ್ತಿ ಹಿಡಿದಿರುತ್ತೆ, ಅಷ್ಟೇ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತೆ. ಎರಡು ಸಲ ಪಂಪ್ ಮಾಡಲು ಒಂದು ಸೆಕೆಂಡ್ ಬೇಕು ಅಂದರೂ 22 ಮೀಟರ್ ದಾಟಿ ಆಮೇಲೆ ಬ್ರೇಕ್ ಹಿಡಿಯಲು ಶುರುವಾಗುತ್ತೆ. ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಈ ದೇಶದ ರಸ್ತೆಯಲ್ಲಿ ಆ 22 ಮೀಟರನ್ನು ಯಾರೂ ಸಾಲ ಕೊಡುವುದಿಲ್ಲ.

ಬ್ರೇಕ್ ಕೆಲಸ ಸ್ವಂತ ಮಾಡುವವರಿಗೆ ಮೂರು ಮಾತು. ಗಾಡಿಯ ಕೈಪಿಡಿ ಹೇಳಿದ ಜಾತಿಯ ಆಯಿಲನ್ನೇ ಬಳಸಿ. ಇಂಜಿನ್ ಆಯಿಲಿನಂಥ ಖನಿಜ ತೈಲ ಒಂದು ಹನಿ ಬಿದ್ದರೂ ಈ ವ್ಯವಸ್ಥೆಯ ರಬ್ಬರ್ ಸೀಲುಗಳು ಉಬ್ಬಿ ಕೆಡುವ ಅಪಾಯ ಇದೆ. ಏರ್ ತೆಗೆಯುವ ಚಕ್ರಗಳ ಸರದಿಯೂ ಕೈಪಿಡಿಯಲ್ಲೇ ಇರುತ್ತೆ, ಎಲ್ಲ ಗಾಡಿಗೂ ಒಂದೇ ಅಲ್ಲ. ತೆಗೆದ ಹಳೇ ಆಯಿಲನ್ನು ಚರಂಡಿಗೆ ಸುರಿಯದೆ ಊರಿನ ರಾಸಾಯನಿಕ ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಇಷ್ಟೆಲ್ಲ ಮಾಡಿದ ಮೇಲೂ ಪೆಡಲ್ ಬಗ್ಗೆ ಎಳ್ಳಷ್ಟು ಅನುಮಾನ ಉಳಿದಿದ್ದರೆ ಕೀಲಿ ಗೋಡೆಯ ಮೊಳೆಗೆ ಹಾಕಿ, ಬಲ್ಲ ಮೆಕ್ಯಾನಿಕ್‌ನ ಕರೆಸಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಜೀವಕೋಶದ ಕಡೆ ಹೋಗೋಣ. ಜೇಡದ ಕಾಲಿನೊಳಗಿನ ಒತ್ತಡವನ್ನು ಅಳೆಯುವುದು ಹೇಗೆ ಅಂತ ಯಾರಾದರೂ ಕೇಳಿದರೆ ಅದನ್ನೂ ಹೇಳ್ತೀನಿ. ಪ್ರಶ್ನೆಗಳನ್ನು ಕಳಿಸ್ತಾ ಇರಿ. ಹುಷಾರಾಗಿ ಓಡಿಸಿ.